ಗುಲ್ಮದ ಗುಳ್ಳೆ ಒಡೆದಾಗ

ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ಪಿನ ವರದಿಯನ್ನು ನಾವು ಹೇಗೆ ಓದುತ್ತೇವೆ? ಮೊದಲು ಸಕ್ಕರೆ, ಆಮೇಲೆ ಕೊಲೆಸ್ಟ್ರಾಲ್, ಆಮೇಲೆ ದಪ್ಪಕ್ಷರದಲ್ಲಿ ಏನಾದರೂ ಇದೆಯಾ ಅಂತ ಒಂದು ನೋಟ. ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದ್ದರೆ ಅದರ ಹಾಳೆ ಪಿಡಿಎಫ್‌ನ ಕೊನೆಯಲ್ಲಿರುತ್ತದೆ. ಲಿವರಿಗೆ ಎರಡು ಸಾಲು, ಪಿತ್ತಕೋಶಕ್ಕೆ ಒಂದು, ಕಿಡ್ನಿಗೆ ಎರಡು. 'ಫ್ಯಾಟಿ ಲಿವರ್ ಗ್ರೇಡ್ ಒನ್' ಅಂತ ಬಂದರೆ ಸಮಾಧಾನ. ನಮ್ಮ ಐಟಿಯವರಲ್ಲಿ ಅದಿಲ್ಲದವರು ಯಾರು? ಇವುಗಳ ನಡುವೆ ಸ್ಪ್ಲೀನ್ ಅಂತ ಒಂದು ಸಾಲು ಇರುತ್ತದೆ. ಅದನ್ನು ನಿಂತು ಓದಿದವರನ್ನು ನಾನು ಕಂಡಿಲ್ಲ. ಈ ಸಲದ ಅಂಕಣ ಆ ಸಾಲಿನ ಬಗ್ಗೆ.

ಕನ್ನಡದಲ್ಲಿ ಸ್ಪ್ಲೀನಿಗೆ ಗುಲ್ಮ ಅನ್ನುತ್ತೇವೆ. ಹೈಸ್ಕೂಲಿನಲ್ಲಿ ಚಿತ್ರ ಬರೆದು, ಗೆರೆ ಎಳೆದು, ಭಾಗಗಳನ್ನು ಹೆಸರಿಸಿದ್ದು ಬಿಟ್ಟರೆ ಆ ಪದವನ್ನು ಮತ್ತೆ ಬಳಸಿದ ನೆನಪು ಹೆಚ್ಚಿನವರಿಗೆ ಇರಲಾರದು. ತಮಾಷೆಯೆಂದರೆ ಆಯುರ್ವೇದದಲ್ಲಿ ಗುಲ್ಮ ಅಂದರೆ ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು. ಈ ಅಂಗಕ್ಕೆ ಅಲ್ಲಿ ಪ್ಲೀಹ ಅಂತ ಹೆಸರು. ನಾನಿರುವ ಪುಣೆಯಲ್ಲಿ ಡಾಕ್ಟರು ಪ್ಲೀಹಾ ಅನ್ನುತ್ತಾರೆ, ಹಳೆಯ ಮರಾಠಿಗರು ಪಾಣಥರಿ ಅನ್ನುತ್ತಾರೆ, ಹಿಂದಿಯವರಿಗೆ ಅದು ತಿಲ್ಲಿ. ಇಷ್ಟೆಲ್ಲ ಹೆಸರಿದ್ದರೂ ಅದು ಎಲ್ಲಿದೆ ಅಂತ ಕೇಳಿದರೆ ನಾವು ಹೊಟ್ಟೆಯ ಮೇಲೆ ಕೈಯಾಡಿಸಿ ಸುಮ್ಮನಾಗುತ್ತೇವೆ.

ಅದು ಇರುವುದು ಎಡಗಡೆ, ಜಠರದ ಹಿಂಬದಿಗೆ, ಒಂಬತ್ತರಿಂದ ಹನ್ನೊಂದನೇ ಪಕ್ಕೆಲುಬಿನ ಮರೆಯಲ್ಲಿ. ಮುಷ್ಟಿಯಷ್ಟು ದೊಡ್ಡದು, ದೊಡ್ಡವರಲ್ಲಿ ಸುಮಾರು 150 ಗ್ರಾಂ ತೂಕ. ಗಾತ್ರ ಚಿಕ್ಕದಾದರೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ನೂರಕ್ಕೆ ಐದರಷ್ಟು ಇದರ ಮೂಲಕ ಹಾದುಹೋಗುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಹಿಡಿದು ಒಡೆದು ಹಾಕುವುದು ಗುಲ್ಮದ ಒಂದು ಕೆಲಸ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಾರ್ಬೇಜ್ ಕಲೆಕ್ಟರ್. ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು, ರಕ್ತದಲ್ಲಿ ಸೇರಿಕೊಂಡ ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆಯುವುದು. ಅದಕ್ಕೆ ಆಮೇಲೆ ಬರುತ್ತೇನೆ. ರಕ್ತ ತುಂಬಿಕೊಂಡ ಮೆತ್ತನೆಯ ಅಂಗ, ಮೇಲೆ ತೆಳುವಾದ ಹೊದಿಕೆ. ಹಾಗಾಗಿ ಪೆಟ್ಟು ಬಿದ್ದರೆ ಸೋರುವುದೂ ಜಾಸ್ತಿ.

ಇಂಥ ಗುಲ್ಮದಲ್ಲಿ ಕೆಲವರಿಗೆ ದ್ರವ ತುಂಬಿದ ಗುಳ್ಳೆ ಬೆಳೆಯುತ್ತದೆ. ಅದೇ ಸಿಸ್ಟ್. ಅಪರೂಪದ್ದು, ಆದರೆ ಹೊಸದೇನಲ್ಲ. ಫ್ರಾನ್ಸಿನ ವೈದ್ಯ ಆಂಡ್ರಾಲ್ 1829ರಲ್ಲೇ ಅದನ್ನು ವಿವರಿಸಿದ್ದ. 1867ರಲ್ಲಿ ಪ್ಯಾರಿಸ್ಸಿನ ಸರ್ಜನ್ ಪೆಆಂ ಸಿಸ್ಟ್ ಇದ್ದ ಗುಲ್ಮವನ್ನು ಆಪರೇಶನ್ ಮಾಡಿ ತೆಗೆದಿದ್ದ. 1958ರಲ್ಲಿ ಮಾರ್ಟಿನ್ ಎಂಬವರು ಮಾಡಿದ ವಿಂಗಡಣೆಯನ್ನು ಇಂದಿಗೂ ಬಳಸುತ್ತಾರೆ. ಸಿಸ್ಟಿನ ಒಳಗೋಡೆಗೆ ಜೀವಕೋಶಗಳ ಲೈನಿಂಗ್ ಇದ್ದರೆ ಅದು ನಿಜವಾದ ಸಿಸ್ಟ್, ಲೈನಿಂಗ್ ಇಲ್ಲದಿದ್ದರೆ ಹುಸಿ ಸಿಸ್ಟ್. ನಿಜವಾದದ್ದರಲ್ಲಿ ಹುಟ್ಟಿನಿಂದ ಬಂದದ್ದೂ ಇದೆ, ಹುಳದಿಂದ ಆದದ್ದೂ ಇದೆ. ಹುಸಿ ಸಿಸ್ಟ್ ಸಾಮಾನ್ಯವಾಗಿ ಹಳೆಯ ಪೆಟ್ಟಿನ ಫಲ. ಎಂದೋ ಬಿದ್ದಾಗ ಗುಲ್ಮದೊಳಗೆ ರಕ್ತ ಹೆಪ್ಪುಗಟ್ಟಿ, ನಿಧಾನಕ್ಕೆ ಕರಗಿ ನೀರಾಗಿ, ಸುತ್ತ ನಾರಿನ ಗೋಡೆ ಕಟ್ಟಿಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಹೆಚ್ಚಿನವರಿಗೆ ಏನೂ ತೊಂದರೆಯಿಲ್ಲ. ದೊಡ್ಡದಾದರೆ ಎಡಪಕ್ಕೆಯ ಕೆಳಗೆ ಭಾರ ಅನಿಸಬಹುದು. ಎರಡು ಚಪಾತಿಗೇ ಹೊಟ್ಟೆ ತುಂಬಬಹುದು, ಯಾಕೆಂದರೆ ಪಕ್ಕದಲ್ಲೇ ಇರುವ ಜಠರವನ್ನು ಅದು ಒತ್ತುತ್ತದೆ.

ಇದೆಲ್ಲ ನನಗೆ ಗೊತ್ತಾಗಿದ್ದು ಕಳೆದ ಡಿಸೆಂಬರಿನಲ್ಲಿ, ಚಿಕ್ಕಪ್ಪನ ಮಗನ ದೆಸೆಯಿಂದ. ಹುಡುಗನಿಗೆ 27 ವರ್ಷ, ಡಿಪ್ಲೊಮಾ ಮುಗಿಸಿ ಚಾಕಣದ ಒಂದು ಕಾರ್ಖಾನೆಯಲ್ಲಿ ಕೆಲಸ, ಗೆಳೆಯರ ಜೊತೆ ರೂಮು. ಭಾನುವಾರ ಬೆಳಿಗ್ಗೆ ಕ್ರಿಕೆಟ್ ಆಡುವಾಗ ಕ್ಯಾಚಿಗೆ ಹಾರಿ ಎಡಮಗ್ಗುಲಿಗೆ ಬಿದ್ದಿದ್ದಾನೆ. ದಿನಾ ಬೀಳುವ ಹಾಗೇ ಬಿದ್ದದ್ದು. ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ, ಒಮ್ಮೆ ವಾಂತಿ ಮಾಡಿದ, ರೂಮಿಗೆ ಹೋಗಿ ಮಲಗಿದ. ಮಧ್ಯಾಹ್ನ ನನಗೆ ಫೋನ್. "ಅಣ್ಣಾ, ಹೊಟ್ಟಿ ನೋವು ತಡಕೋಬಹುದು. ಆದ್ರ ಮಲಗಿದ್ರ ಸಾಕು, ಎಡಗಡೆ ಹೆಗಲು ಭಾಳ ನೋಯಾಕತ್ತೈತಿ." ಗೆಳೆಯರು ಹೆಗಲು ಉಳುಕಿದೆ ಅಂದುಕೊಂಡು ಸ್ಪ್ರೇ ಹೊಡೆದಿದ್ದರು. ಬಿದ್ದವನು ಹೆಗಲ ಮೇಲೆ ಬಿದ್ದಿರಲಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಹೊಟ್ಟೆಯೊಳಗಿನ ತೊಂದರೆಗೆ ಹೆಗಲು ನೋಯುವುದು ವಿಚಿತ್ರ ಅನಿಸಬಹುದು. ಗುಲ್ಮದ ಮೇಲ್ಭಾಗ ವಪೆಗೆ ತಾಗಿಕೊಂಡಿರುತ್ತದೆ. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ. ರಕ್ತವೋ ಸಿಸ್ಟಿನ ದ್ರವವೋ ಸೋರಿ ವಪೆಯನ್ನು ಕೆರಳಿಸಿದರೆ ಆ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರ ಹೊರಡುವುದು ಕುತ್ತಿಗೆಯಿಂದ. ಹೆಗಲಿನ ಚರ್ಮದ ಸುದ್ದಿಯೂ ಬೆನ್ನುಹುರಿಯ ಅದೇ ಮಟ್ಟಕ್ಕೆ ಬಂದು ಸೇರುತ್ತದೆ. ಮಿದುಳಿಗೆ ವಿಳಾಸ ತಪ್ಪುತ್ತದೆ. ಮಲಗಿದಾಗ ದ್ರವ ಮೇಲಕ್ಕೆ ಹರಿದು ವಪೆಗೆ ತಾಗುವುದರಿಂದ ನೋವು ಹೆಚ್ಚುತ್ತದೆ. ಜರ್ಮನಿಯ ಸರ್ಜನ್ ಹಾನ್ಸ್ ಕೇರ್ ಹೆಸರಿನಲ್ಲಿ ಈ ಲಕ್ಷಣ ವೈದ್ಯರ ಪುಸ್ತಕಗಳಲ್ಲಿದೆ. ಎಮರ್ಜೆನ್ಸಿಯಲ್ಲಿದ್ದ ಹುಡುಗಿಯಂತಿದ್ದ ಡಾಕ್ಟರು ಇದೊಂದು ಮಾತು ಕೇಳಿದ್ದೇ ತಡ, ಹೆಗಲನ್ನು ಬಿಟ್ಟು ಹೊಟ್ಟೆಗೆ ಅಲ್ಟ್ರಾಸೌಂಡ್ ಯಂತ್ರ ಎಳೆದುಕೊಂಡು ಬಂದರು. ಹೊಟ್ಟೆಯಲ್ಲಿ ದ್ರವ ಇತ್ತು. ಅರ್ಧ ಗಂಟೆಯಲ್ಲಿ ಕಾಂಟ್ರಾಸ್ಟ್ ಕೊಟ್ಟು ಸಿಟಿ ಸ್ಕ್ಯಾನ್ ಆಯಿತು. ಗುಲ್ಮದ ಮೇಲ್ತುದಿಯಲ್ಲಿ ಒಂಬತ್ತು ಸೆಂಟಿಮೀಟರ್ ಸಿಸ್ಟ್, ಗೋಡೆ ಒಂದು ಕಡೆ ಹರಿದಿದೆ, ಗುಲ್ಮದ ಸುತ್ತಲೂ ಕಿಬ್ಬೊಟ್ಟೆಯಲ್ಲೂ ದ್ರವ ನಿಂತಿದೆ.

'ಒಡೆದಿದೆ' ಅನ್ನುವ ಪದ ಕೇಳಿದಾಗ ನಮಗೆಲ್ಲ ತಕ್ಷಣ ಆಪರೇಶನ್ ಥಿಯೇಟರ್ ಕಣ್ಣಿಗೆ ಬರುತ್ತದೆ. ಸರ್ಜನ್ ಮಾತ್ರ ಆತುರ ತೋರಲಿಲ್ಲ. ಅವರಿಗೆ ಉತ್ತರ ಬೇಕಾಗಿದ್ದು ಎರಡು ಪ್ರಶ್ನೆಗಳಿಗೆ. ಒಂದು, ರಕ್ತ ಸೋರುತ್ತಿದೆಯೇ, ಸೋರಿ ನಿಂತಿದೆಯೇ? ಎರಡು, ಒಡೆದ ಗುಳ್ಳೆಯೊಳಗೆ ಏನಿತ್ತು? ಚಿಕಿತ್ಸೆಯೆಲ್ಲ ನಿಂತಿರುವುದು ಇವೆರಡರ ಮೇಲೆ. ಮೊದಲನೆಯದಕ್ಕೆ ಯಂತ್ರಗಳಿವೆ. ಎರಡನೆಯದಕ್ಕೆ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಗೆ ಫೋನ್ ಮಾಡಬೇಕಾಯಿತು.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಡಿ 108 ಇತ್ತು, ಬಿಪಿ ಬಿದ್ದಿರಲಿಲ್ಲ. ಹಿಮೋಗ್ಲೋಬಿನ್ 13.2. ಅದನ್ನು ನೋಡಿ ನಾನು ಉಸಿರು ಬಿಟ್ಟರೆ ಡಾಕ್ಟರು ತಲೆಯಾಡಿಸಿದರು. ರಕ್ತ ಸೋರುವಾಗ ಕಣಗಳೂ ನೀರೂ ಒಟ್ಟಿಗೇ ಹೋಗುತ್ತವೆ, ಉಳಿದ ರಕ್ತದ ಸಾಂದ್ರತೆ ಮೊದಲ ಕೆಲವು ಗಂಟೆ ಹಾಗೇ ಇರುತ್ತದೆ. ಹಾಗಾಗಿ ಒಂದು ಸಲದ ಸಂಖ್ಯೆಗೆ ಬೆಲೆಯಿಲ್ಲ. ಆರು ಗಂಟೆಗೊಮ್ಮೆ ನೋಡಬೇಕು. ಸ್ಕ್ಯಾನಿನಲ್ಲಿ ಕಾಂಟ್ರಾಸ್ಟ್ ಔಷಧಿ ರಕ್ತನಾಳದಿಂದ ಹೊರಗೆ ಚೆಲ್ಲಿದ್ದು ಕಂಡರೆ ಈಗಲೂ ಸೋರುತ್ತಿದೆ ಎಂದರ್ಥ, ಅದು ಕಂಡಿರಲಿಲ್ಲ. ಬಿಪಿ ಬೀಳುತ್ತಿದ್ದರೆ, ಕೊಟ್ಟ ರಕ್ತ ನಿಲ್ಲದಿದ್ದರೆ, ಆಗ ಚರ್ಚೆಯೇ ಇಲ್ಲ. ಹೊಟ್ಟೆ ತೆರೆದು ಗುಲ್ಮವನ್ನೇ ತೆಗೆಯುತ್ತಾರೆ, ತೆಗೆಯಬೇಕು. ಅಲ್ಲಿ ಗುಲ್ಮ ಉಳಿಸಲು ಹೋದರೆ ಮನುಷ್ಯ ಉಳಿಯುವುದಿಲ್ಲ.

ಎರಡನೇ ಪ್ರಶ್ನೆಯನ್ನು ಸರ್ಜನ್ ಹಿಂದಿಯಲ್ಲಿ ಕೇಳಿದರು: ಮನೆಯಲ್ಲಿ ಕುರಿ ಸಾಕಿದ್ದಿರಾ, ನಾಯಿ ಇತ್ತಾ? ಐಸಿಯು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯೇ ಇದು ಅಂತ ಹುಡುಗನ ಗೆಳೆಯನಿಗೆ ಸಿಟ್ಟೇ ಬಂತು. ಹಳ್ಳಿಯವರು ಅಂತ ಹೀಗೆ ಕೇಳುತ್ತಿದ್ದಾರೆ ಅಂದುಕೊಂಡ. ಆದರೆ ಪ್ರಶ್ನೆಗೆ ಕಾರಣವಿತ್ತು. ನಾಯಿಯ ಕರುಳಿನಲ್ಲಿ ಎಕೈನೊಕಾಕಸ್ ಎಂಬ ಬಹಳ ಚಿಕ್ಕ ಲಾಡಿಹುಳ ಇರುತ್ತದೆ. ಅದರ ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿಗೆ, ಮಣ್ಣಿಗೆ, ನೀರಿಗೆ ಬೀಳುತ್ತದೆ. ಮೇಯುವ ಕುರಿಯ ಹೊಟ್ಟೆ ಸೇರಿ ಅದರ ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆಯಾಗುತ್ತದೆ. ಜಾತ್ರೆಗೋ ಹಬ್ಬಕ್ಕೋ ಕುರಿ ಕೊಯ್ದಾಗ ಬೇಡವಾದ ಭಾಗ ಎಸೆಯುತ್ತೇವಲ್ಲ, ಅದನ್ನು ನಾಯಿ ತಿನ್ನುತ್ತದೆ, ಚಕ್ರ ಮತ್ತೆ ಶುರು. ನಡುವೆ ಮನುಷ್ಯ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತಾನೆ. ನಾಯಿ ಮುಟ್ಟಿದ ಕೈಯಲ್ಲಿ ಉಂಡರೆ, ತೊಳೆಯದ ಸೊಪ್ಪು ತಿಂದರೆ ಮೊಟ್ಟೆ ನಮ್ಮೊಳಗೂ ಬರಬಹುದು. ಬಂದ ಮೇಲೆ ಗುಳ್ಳೆ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುತ್ತದೆ. ಹೆಚ್ಚಾಗಿ ಲಿವರಿನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ, ಕೆಲವರಿಗೆ ಗುಲ್ಮದಲ್ಲಿ. ಇದಕ್ಕೆ ಹೈಡಾಟಿಡ್ ಸಿಸ್ಟ್ ಅನ್ನುತ್ತಾರೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲಕ್ಕೆ ಗೊಬ್ಬರವಾಗಲಿ ಅಂತ ಕುರಿಹಿಂಡು ನಿಲ್ಲಿಸಿಕೊಳ್ಳುವುದು, ಹಿಂಡಿನ ಜೊತೆ ನಾಯಿ, ನಾಯಿಯ ಜೊತೆ ಮಕ್ಕಳು, ಇದನ್ನು ನೋಡಿಕೊಂಡೇ ಬೆಳೆದವರು ನಾವು. ಪುಣೆಗೆ ಬಂದು ಹತ್ತು ವರ್ಷವಾದರೂ ಬಾಲ್ಯದಲ್ಲಿ ಹೊಟ್ಟೆ ಸೇರಿದ ಮೊಟ್ಟೆಗೆ ವಲಸೆ ಹೋದದ್ದು ಗೊತ್ತಿರುವುದಿಲ್ಲ.

ಇದು ಯಾಕೆ ಮುಖ್ಯವೆಂದರೆ, ಹುಳದ ಸಿಸ್ಟ್ ಒಡೆದರೆ ಅಪಾಯವೇ ಬೇರೆ. ಒಳಗಿನ ದ್ರವ ಹೊಟ್ಟೆಯಲ್ಲಿ ಚೆಲ್ಲಿದಾಗ ದೇಹ ಭಯಂಕರವಾಗಿ ಅಲರ್ಜಿ ತೋರಿಸಬಹುದು. ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ಬಿಪಿ ಕುಸಿಯುವುದು. ಅದರಿಂದ ಪಾರಾದರೂ ಚೆಲ್ಲಿದ ಹುಳದ ಬೀಜಗಳು ಹೊಟ್ಟೆಯಲ್ಲಿ ಅಲ್ಲಲ್ಲಿ ಹೊಸ ಗುಳ್ಳೆಗಳಾಗಬಹುದು. ಆದ್ದರಿಂದ ಅಂಥದ್ದಕ್ಕೆ ಸುಮ್ಮನೆ ಸೂಜಿ ಚುಚ್ಚಿ ನೀರು ತೆಗೆಯಲು ಹೋಗಬಾರದು. ಆಪರೇಶನ್ ಮಾಡುವಾಗ ಸುತ್ತ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿಕೊಂಡು ಹುಳ ಕೊಲ್ಲುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಅಲ್ಬೆಂಡಜೋಲ್ ಕೊಡುತ್ತಾರೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದೆ, ಆದರೆ ವರದಿಗೆ ದಿನಗಳು ಬೇಕು, ಬಂದರೂ 'ಇಲ್ಲ' ಅಂದದ್ದನ್ನು ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೇ ಸ್ಕ್ಯಾನಿನ ಚಿತ್ರ ಮತ್ತು ಊರಿನ ಕಥೆ ಎರಡೂ ಬೇಕು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮಗ ಆಸ್ಪತ್ರೆಯಲ್ಲಿದ್ದಾನೆ ಅಂತ ಹೇಳಿ, ಮರುಕ್ಷಣ ಕುರಿ ಬಗ್ಗೆ ಕೇಳುವುದು ಸುಲಭವಲ್ಲ. "ಕುರಿ ಇದ್ವಪಾ, ಅಂವ ಹುಟ್ಟೂದಕ್ಕ ಮದಲ ಮಾರಿದ್ವಿ. ನಾಯಿ ಸಾಕಿಲ್ಲ," ಅಂದರು. ಅಷ್ಟರಲ್ಲಿ ಚಿಕ್ಕಮ್ಮ ಫೋನ್ ಕಸಿದುಕೊಂಡರು. ಅಳುತ್ತಲೇ ಅವರು ಹೇಳಿದ ಮಾತು ನಮಗ್ಯಾರಿಗೂ ನೆನಪಿರಲಿಲ್ಲ, ಹುಡುಗನಿಗೂ ಕೂಡ. "ಎಂಟನೇತ್ತೆ ಇದ್ದಾಗ ಹುಣಸೀ ಮರದಿಂದ ಬಿದ್ದಿದ್ದಲೋ. ಎಡಗಡೆ ಪಕ್ಕಡಿ ಕಪ್ಪಾಗಿತ್ತು. ಹದಿನೈದು ದಿನ ಸಾಲಿಗೆ ಹೋಗಿಲ್ಲ." ಆಗ ಯಾವ ಸ್ಕ್ಯಾನೂ ಆಗಿರಲಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಕಾಸಿದ್ದರು, ನೋವು ಹೋಯಿತು, ಮರೆತರು.

ಇದನ್ನು ಹಿಂದಿಗೆ ತಿರುಗಿಸಿ ಸರ್ಜನ್ನಿಗೆ ಹೇಳಿದೆ. ಇನ್ನೊಂದು ಸುಳಿವು ಹುಡುಗನ ಫೋನಿನಲ್ಲೇ ಇತ್ತು. ಎರಡು ವರ್ಷದ ಹಿಂದೆ ಕಿಡ್ನಿ ಕಲ್ಲಿನ ಅನುಮಾನಕ್ಕೆ ಮಾಡಿಸಿದ ಅಲ್ಟ್ರಾಸೌಂಡ್ ವರದಿ, ವಾಟ್ಸ್ಯಾಪಿನಲ್ಲಿ ಬಂದದ್ದು. ಕಲ್ಲು ಇಲ್ಲ ಅಂತ ಇತ್ತು. ಕೆಳಗೆ ಗುಲ್ಮದಲ್ಲಿ ಆರು ಸೆಂಟಿಮೀಟರ್ ಸಿಸ್ಟ್ ಅಂತಲೂ ಇತ್ತು. ಜೊತೆಗೆ ಆ ಪ್ರಸಿದ್ಧ ಒಕ್ಕಣೆ, 'ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್'. ಡಾಕ್ಟರು ಡಾಕ್ಟರಿಗೆ ಬರೆದುಕೊಳ್ಳುವ ಭಾಷೆ ಇದು. ಸಾದಾ ಮಾತಿನಲ್ಲಿ ಇದರ ಅರ್ಥ 'ಇದನ್ನು ನಿಮ್ಮ ವೈದ್ಯರಿಗೆ ತೋರಿಸಿ' ಅಂತ. ಕಲ್ಲಿಲ್ಲ ಅಂದಮೇಲೆ ಅವನು ಯಾರಿಗೂ ತೋರಿಸಿರಲಿಲ್ಲ, ಯಾರೂ ಅವನನ್ನು ಕರೆದು ಹೇಳಿರಲೂ ಇಲ್ಲ. ಆದರೆ ಹಳೆಯ ವರದಿ ಸರ್ಜನ್ನಿಗೆ ಬಹಳ ಉಪಯೋಗಕ್ಕೆ ಬಂತು. ಎರಡು ವರ್ಷದಲ್ಲಿ ಆರರಿಂದ ಒಂಬತ್ತು, ಒಂದೇ ಕೋಣೆ, ಒಳಗೆ ಮರಿಗುಳ್ಳೆಗಳಿಲ್ಲ, ತೇಲುವ ಪೊರೆಯಿಲ್ಲ, ಮೈಮೇಲೆ ದದ್ದಿಲ್ಲ, ಹಳೆಯ ಪೆಟ್ಟಿದೆ. ಹುಸಿ ಸಿಸ್ಟ್ ಇರಬೇಕು ಅಂದರು. ಹಾಗಂತ ಖಚಿತವಾಗುವವರೆಗೆ ಹುಳದ್ದೇ ಅಂತ ಭಾವಿಸಿ ತಯಾರಿ ಮಾಡಿಕೊಳ್ಳುತ್ತೇನೆ ಅಂತಲೂ ಅಂದರು. ಆ ಮಾತು ನನಗೆ ಹಿಡಿಸಿತು.

ರಾತ್ರಿಯೆಲ್ಲ ಐಸಿಯುವಿನಲ್ಲಿ ನೋಡಿಕೊಂಡರು. ಹಿಮೋಗ್ಲೋಬಿನ್ 11.8ಕ್ಕೆ ಇಳಿದು ಅಲ್ಲೇ ನಿಂತಿತು, ನಾಡಿ 90ಕ್ಕೆ ಬಂತು. ಈಗ ದಾರಿಗಳು ಮೂರ್ನಾಲ್ಕು ಇದ್ದವು. ಏನೂ ಮಾಡದೆ ಕಾಯಬಹುದು; ಕೆಲವರಲ್ಲಿ ಇದೂ ಸರಿಹೋಗುತ್ತದೆ, ಆದರೆ ಹರಿದ ಸಿಸ್ಟ್ ಮತ್ತೆ ತುಂಬಿಕೊಳ್ಳಬಹುದು, ಕೀವಾಗಬಹುದು. ಸೂಜಿಯಿಂದ ನೀರು ತೆಗೆದರೆ ಮತ್ತೆ ತುಂಬುವ ಸಂಭವವೇ ಜಾಸ್ತಿ. ಲ್ಯಾಪರೋಸ್ಕೋಪಿಯಲ್ಲಿ ಸಿಸ್ಟಿನ ಮೇಲ್ಚಾವಣಿ ಮಾತ್ರ ಕತ್ತರಿಸಿ ತೆಗೆಯಬಹುದು. ಸುಲಭದ ಕೆಲಸ, ಆದರೆ ಗೋಡೆ ಉಳಿದಷ್ಟೂ ಮರುಕಳಿಸುತ್ತದೆ. ಸಿಸ್ಟ್ ಇರುವ ತುದಿಯನ್ನು ಮಾತ್ರ ಕತ್ತರಿಸಿ ಉಳಿದ ಗುಲ್ಮವನ್ನು ಬಿಡಬಹುದು. ಇದಕ್ಕೆ ಕೈಚಳಕ ಬೇಕು, ಆ ತುದಿಗೆ ಹೋಗುವ ರಕ್ತನಾಳ ಪ್ರತ್ಯೇಕವಾಗಿ ಸಿಗಬೇಕು. ಕೊನೆಯದು ಇಡೀ ಗುಲ್ಮ ತೆಗೆಯುವುದು. ಸಿಸ್ಟ್ ಗುಲ್ಮದ ನಡುಬಾಗಿಲಿಗೆ, ರಕ್ತನಾಳಗಳು ಒಳಹೋಗುವ ಜಾಗಕ್ಕೆ ಅಂಟಿಕೊಂಡಿದ್ದರೆ ಬೇರೆ ದಾರಿ ಇರುವುದಿಲ್ಲ. ನಮ್ಮದು ಮೇಲ್ತುದಿಯಲ್ಲಿತ್ತು, ಪುಣ್ಯಕ್ಕೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ರಾತ್ರಿ ಬಸ್ಸಿಗೆ ಹೊರಟ ಚಿಕ್ಕಪ್ಪ ಬೆಳಿಗ್ಗೆ ಆಸ್ಪತ್ರೆಗೆ ಬಂದಿದ್ದರು. ಭಾಗ ಮಾತ್ರ ತೆಗೆಯಲು ಪ್ರಯತ್ನ, ಆಗದಿದ್ದರೆ ಪೂರ್ತಿ, ಅಂತ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು. "ಪೂರ್ತಿ ತಗದ್ರ ನಾಳೆ ಮದುವಿ ಮಾಡಾಕ ಬರತೈತೇನು?" ಸರ್ಜನ್ನಿಗೆ ಅದನ್ನೂ ಹಿಂದಿಯಲ್ಲಿ ಹೇಳಿದೆ. ಅವರು ನಗಲಿಲ್ಲ. ಮದುವೆ, ಮಕ್ಕಳು, ಕೆಲಸ ಯಾವುದಕ್ಕೂ ಅಡ್ಡಿಯಿಲ್ಲ, ಜ್ವರ ಬಂದರೆ ಮಾತ್ರ ಜಾಗ್ರತೆ ಬೇಕು ಅಂದರು. ಹೆಣ್ಣಿನ ಮನೆಯವರಿಗೆ ಇದನ್ನು ಹೇಗೆ ಹೇಳುವುದು ಅನ್ನುವ ಚಿಂತೆಯಲ್ಲಿ ಚಿಕ್ಕಪ್ಪ ಸಹಿ ಹಾಕಿದರು.

ಆಪರೇಶನ್ ಮೂರೂವರೆ ಗಂಟೆ ಹಿಡಿಯಿತು. ಹೊಟ್ಟೆಯಲ್ಲಿ ಸುಮಾರು ಮುಕ್ಕಾಲು ಲೀಟರ್ ಕಂದು ಬಣ್ಣದ ದ್ರವ ಇತ್ತು, ಹಳೆಯ ರಕ್ತ ಕರಗಿದ್ದು. ಮೇಲಿನ ಮೂರನೇ ಒಂದು ಭಾಗ ತೆಗೆದರು, ಉಳಿದದ್ದು ಉಳಿಯಿತು. ಗುಲ್ಮದ ಕಾಲುಭಾಗಕ್ಕಿಂತ ಹೆಚ್ಚು ಉಳಿದರೆ ಅದರ ರಕ್ಷಣೆ ಸಾಕಷ್ಟು ಸಿಗುತ್ತದೆ ಎಂಬುದು ಸರ್ಜನ್ನರ ಲೆಕ್ಕ. ವಾರದ ನಂತರ ಬಂದ ಬಯಾಪ್ಸಿ ವರದಿಯಲ್ಲಿ ಬರೀ ನಾರಿನ ಗೋಡೆ, ಲೈನಿಂಗ್ ಇಲ್ಲ, ಹಳೆಯ ರಕ್ತದ ಕಬ್ಬಿಣದ ಕಲೆ ಇದೆ ಅಂತ ಬರೆದಿತ್ತು. ಹುಣಸೆ ಮರವೇ ಸರಿ. ಈ ವರದಿಯ ಬೆಲೆ ಇನ್ಶೂರೆನ್ಸ್ ಕ್ಲೇಮಿನಲ್ಲೂ ಗೊತ್ತಾಯಿತು. ಹುಟ್ಟಿನಿಂದ ಬಂದ ರೋಗವೇ ಅಂತ ಅವರು ಕೇಳಿದ ಪ್ರಶ್ನೆಗೆ ಅದರ ಪ್ರತಿಯೇ ಉತ್ತರವಾಯಿತು. ಅಂದಹಾಗೆ ನಿಜವಾದ, ಲೈನಿಂಗ್ ಇರುವ ಸಿಸ್ಟ್ ಇದ್ದವರಲ್ಲಿ ಸಿಎ 19-9 ಎಂಬ ರಕ್ತಪರೀಕ್ಷೆ ಹೆಚ್ಚು ಬರುವುದುಂಟು. ಅದು ಕ್ಯಾನ್ಸರಿನ ಗುರುತೆಂದು ಹೆಸರಾದದ್ದು. ಗೂಗಲ್ ಮಾಡಿ ಹೆದರುವ ಮೊದಲು ಈ ಸಂಗತಿ ಗೊತ್ತಿರಲಿ.

ಗುಲ್ಮ ಉಳಿಸಲು ಇಷ್ಟು ಒದ್ದಾಟ ಯಾಕೆ? ಬಹಳ ಕಾಲ ಡಾಕ್ಟರುಗಳೂ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದುಕೊಂಡಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬಿಬ್ಬರು, ರಕ್ತದ ರೋಗಕ್ಕಾಗಿ ಗುಲ್ಮ ತೆಗೆಸಿಕೊಂಡ ಐದು ಎಳೆ ಮಕ್ಕಳಲ್ಲಿ ಆಮೇಲೆ ಭಾರೀ ಸೋಂಕು ತಗುಲಿದ್ದನ್ನು ವರದಿ ಮಾಡಿದರು. ಅಲ್ಲಿಂದ ಲೆಕ್ಕ ಬದಲಾಯಿತು. ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಮೋಫಿಲಸ್ ಇವು ಮೈಮೇಲೆ ಸಕ್ಕರೆಯ ಕವಚ ಹೊದ್ದ ಬ್ಯಾಕ್ಟೀರಿಯಾಗಳು. ಇವುಗಳನ್ನು ರಕ್ತದಿಂದ ಸೋಸುವುದರಲ್ಲಿ ಗುಲ್ಮಕ್ಕೆ ಸಮನಾದದ್ದು ಇನ್ನೊಂದಿಲ್ಲ. ಗುಲ್ಮ ಇಲ್ಲದವರಿಗೆ ಇವು ತಗುಲಿದರೆ ಬೆಳಿಗ್ಗೆ ಫ್ಲೂ ಥರ ಜ್ವರ, ಸಂಜೆಗೆ ವೆಂಟಿಲೇಟರ್ ಅನ್ನುವ ಸ್ಥಿತಿ ಬರಬಹುದು. ಬರುವುದು ಅಪರೂಪ. ಬಂದರೆ ಬದುಕುವುದು ಕಷ್ಟ. ಮೊದಲ ಎರಡು ಮೂರು ವರ್ಷ ಅಪಾಯ ಹೆಚ್ಚು, ಆದರೆ ಜೀವಮಾನವಿಡೀ ಅದು ಪೂರ್ತಿ ಹೋಗುವುದಿಲ್ಲ.

ಜನವರಿಯಲ್ಲಿ ಸಂಕ್ರಾಂತಿಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿದ್ದಾಗ ಈ ಕಥೆ ಹೇಳುತ್ತಿದ್ದೆ. ಎಳ್ಳುಬೆಲ್ಲ ಹಿಡಿದು ಕೇಳುತ್ತಿದ್ದ ಹಿರಿಯರೊಬ್ಬರು, "ನನಗೂ ಅದು ಇಲ್ಲ ಕಣಯ್ಯಾ, 1998ರಲ್ಲಿ ಸ್ಕೂಟರ್ ಆಕ್ಸಿಡೆಂಟಿನಲ್ಲಿ ತೆಗೆದರು," ಅಂದರು, ಹಲ್ಲು ಕೀಳಿಸಿದವರ ಹಾಗೆ. ಲಸಿಕೆ ಹಾಕಿಸಿದ್ದೀರಾ ಸಾರ್ ಅಂದರೆ ಯಾವ ಲಸಿಕೆ ಅಂತ ನನ್ನನ್ನೇ ಕೇಳಿದರು. ಇಪ್ಪತ್ತೈದು ವರ್ಷಕ್ಕೂ ಮೇಲೆ ಯಾರೂ ಅವರಿಗೆ ಹೇಳಿರಲಿಲ್ಲ. ಡಿಸ್ಚಾರ್ಜ್ ಕಾರ್ಡು ಮೂರು ಮನೆ ಬದಲಾಯಿಸುವಾಗ ಎಲ್ಲೋ ಹೋಗಿದೆ. ಗುಲ್ಮ ತೆಗೆದ ಸುದ್ದಿಯನ್ನು ಸಕ್ಕರೆ ಕಾಯಿಲೆಯ ಡಾಕ್ಟರಿಗೂ ಅವರು ಹೇಳಿಲ್ಲ, ಕೇಳದೆ ಯಾಕೆ ಹೇಳಬೇಕು ಅಂತ. ಇಂಥವರು ನಮ್ಮ ನಡುವೆ ಇನ್ನೂ ಇದ್ದಾರೆ ಅಂತ ನನಗೆ ಖಾತ್ರಿ. ಈ ಅಂಕಣ ಬರೆಯಲು ಅರ್ಧ ಕಾರಣ ಅವರೇ.

ಅವರಿಗಾಗಿ ಹೇಳುತ್ತೇನೆ. ಗುಲ್ಮ ಇಲ್ಲದವರಿಗೆ ನ್ಯೂಮೋಕಾಕಸ್ ಲಸಿಕೆ ಬೇಕು: ಮೊದಲು ಕಾಂಜುಗೇಟ್ ಜಾತಿಯದು, ಸಾಮಾನ್ಯವಾಗಿ ಎಂಟು ವಾರ ಬಿಟ್ಟು 23 ತಳಿಯ ಇನ್ನೊಂದು. ಮೆನಿಂಗೋಕಾಕಸ್ ಮತ್ತು ಹಿಬ್ ಲಸಿಕೆಗಳು ಬೇಕು, ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು ಬೇಕು. ಕೆಲವನ್ನು ಮತ್ತೆ ಮತ್ತೆ ಹಾಕಿಸಬೇಕು; ಎಷ್ಟು ವರ್ಷಕ್ಕೆ ಅಂತ ವೈದ್ಯರು ಬರೆದುಕೊಡುತ್ತಾರೆ. ಮೊದಲೇ ದಿನ ಗೊತ್ತುಮಾಡಿದ ಆಪರೇಶನ್ ಆದರೆ ಎರಡು ವಾರ ಮುಂಚೆ, ತುರ್ತಿನಲ್ಲಿ ತೆಗೆದದ್ದಾದರೆ ಎರಡು ವಾರದ ನಂತರ ಕೊಡುವುದು ರೂಢಿ. ಇಪ್ಪತ್ತೈದು ವರ್ಷ ತಡವಾದರೂ ಹಾಕಿಸಬಹುದು. ನಮ್ಮ ಹಿರಿಯರು ಈಗ ಹಾಕಿಸಿಕೊಂಡಿದ್ದಾರೆ. ನನ್ನ ತಮ್ಮನಿಗೆ ಮೂರನೇ ಎರಡು ಭಾಗ ಉಳಿದಿದ್ದರೂ ಅವನ ಸರ್ಜನ್ ಮುಂಜಾಗ್ರತೆಗೆ ಹಾಕಿಸಿದರು.

ಲಸಿಕೆಯೇ ಎಲ್ಲ ಅಲ್ಲ. ಗುಲ್ಮ ಪೂರ್ತಿ ತೆಗೆದವರಿಗೆ 100.4 ಡಿಗ್ರಿ ದಾಟಿದ ಜ್ವರವೋ ಮೈನಡುಕವೋ ಬಂದರೆ ಕ್ರೋಸಿನ್ ನುಂಗಿ ನಾಳೆ ನೋಡೋಣ ಅನ್ನುವಂತಿಲ್ಲ. ಅದೇ ಗಂಟೆ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ 'ನನಗೆ ಸ್ಪ್ಲೀನ್ ಇಲ್ಲ' ಅನ್ನಬೇಕು. ಮುಂಬೈಯಲ್ಲಾದರೆ, ದೆಹಲಿಯಲ್ಲಾದರೆ 'ತಿಲ್ಲಿ ನಿಕಾಲಾ ಹುವಾ ಹೈ' ಅಂದರೂ ನಡೆಯುತ್ತದೆ. ಆಸ್ಪತ್ರೆ ದೂರವಿರುವ ಊರಿಗೆ ಹೋಗುವವರಿಗೆ ಜೊತೆಯಲ್ಲಿಟ್ಟುಕೊಳ್ಳಲು ಆಂಟಿಬಯಾಟಿಕ್ ಬರೆದುಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಮಲೇರಿಯಾ ಇವರಿಗೆ ಉಳಿದವರಿಗಿಂತ ಜೋರಾಗಿ ಬರುತ್ತದೆ. ಇನ್ನೊಂದು, ನಮ್ಮ ಬೀದಿಗಳಿಗೆ ಬಹಳ ಸಲ್ಲುವ ಸಂಗತಿ: ನಾಯಿ ಕಚ್ಚಿದರೆ ನಾವೆಲ್ಲ ರೇಬಿಸ್ ಚುಚ್ಚುಮದ್ದಿಗೆ ಓಡುತ್ತೇವೆ. ಗುಲ್ಮ ಇಲ್ಲದವರಿಗೆ ಅದರ ಜೊತೆ ಆಂಟಿಬಯಾಟಿಕ್ ಕೂಡ ಬೇಕು, ಗೀರಿದ್ದು ಸಣ್ಣದಾದರೂ ಸರಿ. ನಾಯಿಯ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಇವರ ರಕ್ತದಲ್ಲಿ ತಡೆಯಿಲ್ಲದೆ ಬೆಳೆಯಬಲ್ಲದು.

ಇನ್ನು, ವರದಿ ತೆರೆದು ನೋಡಿದಾಗ ಸ್ಪ್ಲೀನಿನ ಸಾಲಿನಲ್ಲಿ ಸಿಸ್ಟ್ ಅಂತ ಕಂಡವರಿಗೆ. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆಗಾಗ ಅಲ್ಟ್ರಾಸೌಂಡ್ ಮಾಡಿ ನೋಡುತ್ತಾರೆ, ಅಷ್ಟೇ. ಐದು ಸೆಂಟಿಮೀಟರ್ ದಾಟಿದರೆ ಆಪರೇಶನ್ ಅನ್ನುವುದು ಹಳೆಯ ನಿಯಮ. ಈಗ ಎಲ್ಲ ಸರ್ಜನ್ನರೂ ಆ ಸಂಖ್ಯೆಯನ್ನು ಗೆರೆಯಂತೆ ಹಿಡಿಯುವುದಿಲ್ಲ. ಬೆಳೆಯುತ್ತಿದೆಯೇ, ನೋವಿದೆಯೇ, ಹುಳದ್ದೇ ಅಂತಲೂ ನೋಡುತ್ತಾರೆ. ತೋರಿಸಲು ಹೋಗುವಾಗ ಹಳೆಯ ವರದಿಗಳನ್ನು ಒಯ್ಯಿರಿ. ಹೋಗುವ ಮುಂಚೆ ಅಮ್ಮನಿಗೊಂದು ಫೋನ್ ಮಾಡಿ, ಚಿಕ್ಕಂದಿನಲ್ಲಿ ಎಲ್ಲಿಂದ ಬಿದ್ದಿದ್ದೆ, ಮನೆಯಲ್ಲಿ ಏನೇನು ಸಾಕಿದ್ದಿರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅಪ್ಪನಿಗೆ ಮಾಡಿದರೆ ಕುರಿಯ ಲೆಕ್ಕ ಮಾತ್ರ ಸಿಗುತ್ತದೆ.

ಹುಡುಗ ಆರನೇ ದಿನ ಮನೆಗೆ ಬಂದ, ಆರನೇ ವಾರ ಕೆಲಸಕ್ಕೆ ಹೋದ. ಮೂರು ತಿಂಗಳು ಬೈಕ್ ಬೇಡ, ಆಟ ಬೇಡ ಅಂದಿದ್ದರು. ಆರು ತಿಂಗಳ ಅಲ್ಟ್ರಾಸೌಂಡಿನಲ್ಲಿ ಉಳಿದ ಗುಲ್ಮಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿದೆ, ಸಿಸ್ಟ್ ಮರುಕಳಿಸಿಲ್ಲ ಅಂತ ಬಂದಿದೆ. ಮುಂದಿನ ಸ್ಕ್ಯಾನ್ ಡಿಸೆಂಬರಿನಲ್ಲಿ.